ಏಳು ಸಲ ಅವ್ವನ ಹೆಸರು

ಅಪ್ಪಾ,

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸರಿಪಡಿಸುವ ‘ವೈಟುಕೆ’ ಕೆಲಸ ಮುಗಿದು ರಜೆ ಸಿಕ್ಕಿತು. ನೀವು ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಿರುವ ಅವ್ವನಿಗೆ ಜರ್ಮನಿಯ ಕಲೋನ್ ನಗರ ತೋರಿಸಿ, ನಿನ್ನೆ ಅಮೆರಿಕಕ್ಕೆ, ಬ್ರಿಡ್ಜ್‌ವಾಟರಿನ ನಮ್ಮ ಮನೆಗೆ ಮರಳಿದೆವು.

ಅಲ್ಲಿನ ದೊಡ್ಡ ಚರ್ಚಿನ ಗೋಪುರಕ್ಕೆ ಐನೂರು ಚಿಲ್ಲರೆ ಮೆಟ್ಟಿಲು. “ಅವ್ವಾ, ನಿನಗ ಆಗಂಗಿಲ್ಲ, ಇಲ್ಲೇ ಕೂಡು,” ಅಂದೆ. ನನ್ನ ಬಾಯಲ್ಲಿ ನಿಮ್ಮದೇ ದನಿ. ಆಕೆ ತನ್ನ ಚೀಲವನ್ನು ನನ್ನ ಕೈಗಿಟ್ಟು, “ಇವತ್ತ ನೀ ಕಾಯಿ,” ಅಂದವಳೇ ಮೊಮ್ಮಗಳ ಕೈ ಹಿಡಿದು ಹತ್ತಿಹೋದಳು.

ಎಪ್ಪತ್ತೆರಡನೇ ಇಸವಿಯಲ್ಲಿ ವಿಜಾಪುರದ ಗೋಲಗುಮ್ಮಟದ ಬಾಗಿಲಲ್ಲಿ “ಆಕಿ ಚಪ್ಪಲಿ ಕಾಯಲಿ” ಅಂದವರು ನೀವು. ಮೇಲೆ ಹೋಗಿ ನಿಮ್ಮ ಹೆಸರು, ನನ್ನ ಹೆಸರು ಕೂಗಿ, ಗುಮ್ಮಟ ಅವನ್ನು ಏಳೇಳು ಸಲ ಮರುದನಿಸಿದಾಗ ಕುಣಿದವನು ನಾನು.

ಬರುವ ಡಿಸೆಂಬರಿನಲ್ಲಿ ಆಕೆಯನ್ನು ಆ ಗುಮ್ಮಟ ಹತ್ತಿಸುತ್ತೇನೆ. ‘ಬಸಲಿಂಗಮ್ಮ’ ಎಂದು ಕೂಗುತ್ತೇನೆ. ನೀವು ಎಲ್ಲಿದ್ದರೂ ಏಳು ಸಲವೂ ಕೇಳಿಸಿಕೊಳ್ಳಿ.