ಸ್ಮೋಲೆನ್ಸ್ಕಿನ ದೇಸಾಯರು

ಕ್ಲೈಡ್ ನಾರ್ತ್, ಮೆಲ್ಬರ್ನ್
೧೪ ಆಗಸ್ಟ್ ೨೦೨೪

ಸಿಡ್ನಿಗೆ ಹೋದರೂ ದೇಸಾಯರಾಗಿಯೇ ಉಳಿದಿರುವ ಗುರುಶಾಂತಣ್ಣನಿಗೆ,

ತಂಗಿಯ ನಮಸ್ಕಾರ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ರವಿವಾರ ನನ್ನ ಮನೆಯಲ್ಲಿ, ನನ್ನ ಮಗಳು ಅನನ್ಯಾಳ ನಿಶ್ಚಿತಾರ್ಥದಲ್ಲಿ ನೀನು ಮಾಡಿದ್ದು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಲೈಬ್ರರಿಯಲ್ಲಿ ನಾನೀಗ ಒಂದು ಪೋಲಿಷ್ ಮನೆತನದ ಹಳೆಯ ಕಾಗದಗಳಿಗೆ ಪಟ್ಟಿ ಮಾಡುತ್ತಿದ್ದೇನೆ. ಪೋಲೆಂಡ್, ಲಿಥುವೇನಿಯಾ ಎರಡೂ ಒಂದೇ ರಾಜ್ಯವಾಗಿದ್ದ ಕಾಲದವು. ಅಲ್ಲಿನ ದೊಡ್ಡಮನೆಯವರಿಗೆ ಅದೆಷ್ಟು ಪದವಿಗಳು! ದಂಡು ನಡೆಸುವವನು ಹೆಟ್ಮನ್, ಅವನಿಗಾದರೂ ಕೆಲಸವಿತ್ತು. ಆಮೇಲೆ ಜಿಲ್ಲೆಗೊಬ್ಬ ಖಡ್ಗ ಹಿಡಿಯುವವನು, ಒಬ್ಬ ಬಾವುಟದವನು, ಒಬ್ಬ ದೊರೆಯ ಪಾನಪಾತ್ರೆಯವನು. ಬರೀ ಹೆಸರು. ಪಾತ್ರೆಯವನು ಯಾರಿಗೂ ಒಂದು ಗುಟುಕು ಸುರಿಯಬೇಕಾಗಿರಲಿಲ್ಲ. ಆದರೆ ಯಾರು ಯಾರಿಗಿಂತ ಮೇಲೆ ಎಂಬುದಕ್ಕೆ ಕಾನೂನೇ ಇತ್ತು. ಸ್ಮೋಲೆನ್ಸ್ಕ್ ಎಂಬ ಸೀಮೆ ರಷ್ಯದ ಪಾಲಾಗಿ ನೂರು ವರ್ಷ ಕಳೆದರೂ ‘ಸ್ಮೋಲೆನ್ಸ್ಕಿನ ಪಾನಪಾತ್ರೆಯವನು’ ಎಂದು ಹೊಸಬರನ್ನು ನೇಮಿಸುತ್ತಲೇ ಇದ್ದರು. ಅಂಥವನೊಬ್ಬ, ವರನ ತಂದೆಯ ಪದವಿ ತನ್ನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದು ಮಗಳ ಸಂಬಂಧ ಮುರಿದ ಕಾಗದ ನನ್ನ ಕೈಗೆ ಬಂತು. ಬಿದ್ದು ಬಿದ್ದು ನಕ್ಕಿದ್ದೆ.

ರವಿವಾರ ಆ ನಗು ಇಂಗಿಹೋಯಿತು. ವೀಳ್ಯದ ಹೊತ್ತಿಗೆ ಶಿವಲಿಂಗಪ್ಪ ಓಲೇಕಾರರು ಕೈಚಾಚಿದರು. ಮೊದಲ ವೀಳ್ಯ ವರನ ತಂದೆಗೇ ಸಲ್ಲಬೇಕು. ನೀನು ತಟ್ಟೆಯನ್ನೇ ಹಿಂದಕ್ಕೆಳೆದುಕೊಂಡೆ. “ನಿಮ್ಮ ಅಜ್ಜಾರು ನಮ್ಮ ವಾಡೇದಾಗ ಓಲೆ ಹೊತ್ತವರು. ದೇಸಾಯರಿಗಿಂತ ಮೊದಲ ವೀಳ್ಯಾ ಹೆಂಗ ತಗೋತೀರಿ?” ಅಂದೆ. ಆ ಮನುಷ್ಯ ಚಾಚಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದರು. ವರ ಅಭಿನವ ಎದ್ದುಹೋಗಿ ತಂದೆಯ ಶೂ ಹುಡುಕಿ ತಂದ. ಊಟ ಮಾಡದೆಯೇ ತಮ್ಮ ಮನೆಗೆ, ಟಾರ್ನೀಟ್‌ಗೆ ಹೊರಟುಹೋದರು.

ಯಾವ ವಾಡೆ, ಅಣ್ಣಾ? ಅದರ ಬಾಗಿಲು, ತೊಲೆ ಕೂಡ ಮಾರಿಕೊಂಡು ತಿಂದವರು ನಾವು. ಹೊಲ ಉಳುವವರ ಪಾಲಾಗಿ ಐವತ್ತು ವರ್ಷವಾಯಿತು. ನೀನು ಸಿಡ್ನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವನ್ನೇ ಆ ಹುಡುಗ ಇಲ್ಲಿ ಮಾಡುತ್ತಾನೆ. ನಿನ್ನ ಬಾಸ್ ಎದುರು ನೀನು ದೇಸಾಯಿ ಅಂತ ಒಮ್ಮೆ ಹೇಳಿ ನೋಡು.

ಶನಿವಾರ ಇಲ್ಲಿಗೆ ಬಾ. ಟಾರ್ನೀಟ್‌ಗೆ ಹೋಗಿ ನಿನ್ನ ಕೈಯಾರೆ ಅವರಿಗೆ ಮೊದಲ ವೀಳ್ಯ ಕೊಡು. ಆಗದಿದ್ದರೆ ಮದುವೆಗೂ ಬರಬೇಡ. ಮದುವೆ ನಡೆದರೆ ತಾನೆ! ಶಿವಲಿಂಗಪ್ಪನವರು ನನ್ನ ಫೋನು ತೆಗೆಯುತ್ತಿಲ್ಲ. ಅನನ್ಯಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಎಲ್ಲ ನಿನ್ನಿಂದ.

ನಿನ್ನ ತಂಗಿ,
ಮಹಾಶ್ವೇತಾ

ತಾ.ಕ.: ಅನನ್ಯಾ ಮಾತು ಬಿಟ್ಟಿದ್ದು ನಿನ್ನಿಂದ ಎಂದದ್ದು ಸುಳ್ಳು. ಅವರು ಹೋದ ಮೇಲೆ, ಶಿವಲಿಂಗಪ್ಪನವರು ನೀರು ಕುಡಿದ ಲೋಟವನ್ನು ನಾನು ಉಳಿದ ಪಾತ್ರೆಗಳ ಜೊತೆ ಹಾಕದೆ ಬೇರೆ ಇಟ್ಟೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಇಟ್ಟಿತು. ಮಗಳು ನೋಡಿದಳು. ಶನಿವಾರ ತಪ್ಪದೆ ಬಾ ಅಣ್ಣಾ, ಆ ಮನೆಗೆ ಒಬ್ಬಳೇ ಹೋಗುವ ಮುಖ ನನಗಿಲ್ಲ.