ನೀ ನೋಡದ ಹುಕ್ಕಿನ ಷರಾ

ಮಾಮಾ,

ಮತ್ತ ಬಂದದ ನೋಡು. ಮುಂಜಾನಿಂದ ಮೂರು ಸಲ ಅಳಿಸೀನಿ, ಊಟ ಮಾಡಿ ಬಂದು ಕುಂತ್ರ ಮತ್ತ ಅಲ್ಲೇ ಅದ. ಆಫೀಸಿನ ಕಂಪ್ಯೂಟರಿನ್ಯಾಗ, ಕ್ರೇನಿನ ಹೊಸ ಹುಕ್ಕಿನ ಪುಟದಾಗ, ಎಲ್ಲಕ್ಕಿಂತ ಕೆಳಗ, ಷರಾ ಅಂತ ಒಂದು ಖಾನೆ, ಅದರಾಗ ಒಂದೇ ಮಾತು: ಮೂಕ. ಬರದವರು ಅನ್ನೋ ಕಡಿ ನಿನ್ನ ಹೆಸರು. ಟೈಮು ಯಾವಾಗ ನೋಡಿದ್ರೂ ಮುಂಜಾನಿ ಆರೂವರಿ. ಮ್ಯಾನೇಜರ್ ಬೈದ, "ಆ ಪುಟ ಛಾಪಿಸಿ ಗಿರಾಕಿಗಿ ಕೊಡಬೇಕೋ, ಒಂದು ಶಬ್ದ ತಗೀಲಿಕ್ಕಿ ನಿನಗ ಎಷ್ಟು ದಿನ ಬೇಕು?" ನಾ ಏನ್ ಹೇಳ್ಲಿ? ನೀ ತೀರಿ ಹೋಗಿ ಐದು ತಿಂಗಳಾತು ಅಂತ ಹೇಳ್ಲೇನು? ರೂಮಿನ್ಯಾಗ ಎಲ್ಲಾರೂ ಮಲಗ್ಯಾರ, ಅದಕ್ಕ ಮೆಲ್ಲಕ ಮಾತಾಡಾಕತ್ತೀನಿ. ನಿನ್ನ ಹಳೇ ನಂಬರಿಗೇ ವಾಯ್ಸ್ ಮೆಸೇಜ್ ಕಳಸಾಕತ್ತೀನಿ.

ನನಗಿನ್ನೂ ಕಣ್ಣಿಗಿ ಕಟ್ಟಿದಂಗ ಅದ, ಚಿತ್ತಾಪುರ ರೋಡಿನ ವರ್ಕ್‌ಶಾಪಿನ ಸ್ಟೋರಿನ್ಯಾಗ ನೀ ಹುಕ್ಕು ಹಗ್ಗಕ್ಕ ಇಳಿಬಿಟ್ಟು, ಕಣ್ಣು ಮುಚ್ಚಿ, ಸಣ್ಣ ಸುತ್ತಿಗೀಲಿ ಬಡೀತಿದ್ದಿ. ಶಹಾಬಾದ್ ಖಣಿದಾಗ ನಿಮ್ಮಪ್ಪ ಫರಸಿ ಕಲ್ಲು ಬಡದು ಕೇಳ್ತಿದ್ನಂತಲ್ಲ, ಠಣ್ ಅಂದ್ರ ಗಟ್ಟಿ, ಡಬ್ ಅಂದ್ರ ಒಳಗ ಬಿರಕು, ಅದೇ ಕಸಬು ನೀ ಕಬ್ಬಿಣಕ್ಕ ತಂದಿದ್ದಿ. ಆಮ್ಯಾಗ ಕಂಪ್ಯೂಟರ್ ಮುಂದ ಕುಂತು ಎರಡು ಬೆರಳೀಲಿ ಬರೀತಿದ್ದಿ: ತೂಕ, ಯಾವ ಕಬ್ಬಿಣ, ನಕ್ಷಾದ ನಂಬರು, ಮಾಡಿದವರು. ಕಡಿಗಿ ಷರಾ: ದನಿ ಅದ, ಇಲ್ಲಂದ್ರ ಮೂಕ. ನಾ ನಕ್ಕರ ಅಂತಿದ್ದಿ, "ತೂಕ ತಕ್ಕಡಿ ಹೇಳ್ತದ, ಅಳತಿ ಟೇಪು ಹೇಳ್ತದ. ಇದು ನಿಮ್ಮಪ್ಪ ಬಂದು ಹೇಳ್ತಾನೇನಲೇ?"

ನೀ ದವಾಖಾನಿದಾಗ ಮಲಗಿದಾಗ ಫೋನಿನ್ಯಾಗ ಒಂದೇ ಮಾತು ಕೇಳಿದ್ದಿ, "ನನ್ನ ಖಾನೆ ಹೊಸ ಸಾಫ್ಟ್‌ವೇರಿಗಿ ಬಂತೇನೋ?" ನಾ ಹೂಂ ಅಂದೆ. ಸುಳ್ಳು, ಮಾಮಾ. ಪುಣೆ ಆಫೀಸಿನ್ಯಾಗ ನನಗ ಕೊಟ್ಟ ಮೊದಲನೇ ಕೆಲಸನೇ ನಿನ್ನ ಸ್ಟೋರಿನ ಹಳೇ ಪುಟ ಎಲ್ಲಾ ಹೊಸದಕ್ಕ ಸಾಗಸೋದು. ಮೇಡಂ ಅಂದ್ರು, "ಈ ಷರಾ ನಮ್ಮ ಲಿಸ್ಟಿನ್ಯಾಗ ಇಲ್ಲ, ತಗದ್ಬಿಡು." ತಗದೆ. ನಿನ್ನ ಇಷ್ಟು ವರ್ಷದ್ದು, ಒಂದೇ ಬಟನ್... ಈಗ ಯಾವ ಪುಟದಾಗೂ ಆ ಖಾನೆನೇ ಇಲ್ಲ. ಈ ಒಂದು ಹುಕ್ಕಿಗಿ ಬಿಟ್ಟು.

ನಿನ್ನಿ ನನ್ನ ಬಾಜೂ ಕುರ್ಚಿ ಸಲೀಮ್ ಭಾಯ್ ನೋಡಿ ನಕ್ಕ. "ಅರೇ ಯಾರ್, ಹಳೇ ಹುಕ್ಕಿನ ಪುಟ ಕಾಪಿ ಮಾಡಿ ನಂಬರ್ ಅಷ್ಟೇ ಬದಲು ಮಾಡಿದ್ದಿ ಹೌದಿಲ್ಲೋ? ಹಳೇದು ಜೋತು ಬಿದ್ದು ಬಂದದ. ನಿಮ್ಮ ಮಾಮಾ ಏನ್ ಬಂದಿಲ್ಲ, ಚಾ ಕುಡಿ." ಖರೆ, ಹಂಗೇ ಮಾಡೀನಿ. ನಲವತ್ತು ಖಾನೆ ಯಾರು ತುಂಬ್ತಾರ, ಎಲ್ಲಾರೂ ಹಂಗೇ ಮಾಡ್ತಾರ. ಹಳೇ ಹುಕ್ಕಿನ "ತಪಾಸಣಿ ಆಗ್ಯಾದ" ಅನ್ನೋ ಗುರುತೂ ಹಂಗೇ ಬಂದದ. ಹೊಸದಕ್ಕ ಯಾರೂ ತಪಾಸಣಿ ಮಾಡೇ ಇಲ್ಲ. ಹಳೇ ಬ್ಯಾಕಪ್ ತಗದು ಆ ಹಳೇ ಹುಕ್ಕಿನ ಪುಟ ಹುಡುಕಿದೆ. ಅದಕ್ಕ ನೀ ಬರದಿದ್ದು "ದನಿ ಅದ". ಮೂಕ ಅಲ್ಲ. ಮತ್ತ ಈ ಹೊಸ ಹುಕ್ಕು ಸ್ಟೋರಿಗಿ ಬಂದಿದ್ದೇ ನೀ ಹೋದ ಎರಡು ತಿಂಗಳಿಗಿ. ಹಂಗಾರ ಇದನ್ನ ಬಡದು ಕೇಳಿದವರು ಯಾರು?

ಇವತ್ತ ಮಧ್ಯಾಹ್ನ ಭೀಮಣ್ಣಗ ಫೋನ್ ಹಚ್ಚಿದೆ, ಈಗ ನಿನ್ನ ಜಾಗಾದಾಗ ಅಂವನೇ ಕುಂದರ್ತಾನ. "ಪುಣೆದಾಗ ಕುಂತು ಹುಕ್ಕಿನ ದನಿ ಕೇಳ್ತೀಯೇನಪಾ? ನಿಮ್ಮ ಮಾಮಾನ ಹುಚ್ಚು ನಿನಗೂ ಹತ್ಯಾದ," ಅಂದ. ನಾಳೆ ಎಂಟಕ್ಕ ಲಾರಿ ಬರ್ತದಂತ, ಹುಕ್ಕು ಶಹಾಬಾದ್ ಕಡಿ ಖಣಿಗಿ ಹೋಗ್ತದಂತ. ಅದರ ಕೆಳಗ ಮಂದಿ ನಿಂದರ್ತಾರ, ಮಾಮಾ. ತಲಿ ಮ್ಯಾಗ ಕಲ್ಲು ತೂಗ್ತದ. ಆಮ್ಯಾಗ ಭೀಮಣ್ಣ ತಾನೇ ಹೇಳ್ದ, ನಾ ಕೇಳಿರಲಿಲ್ಲ: "ನಿಮ್ಮ ಮಾಮಾನ ಸುತ್ತಿಗಿ ಮೊಳಿಗಿ ತೂಗಹಾಕಿ ಹೋಗ್ತೀನಿ, ಮುಂಜಾನಿ ಷಟರ್ ತಗದ್ರ ಆ ಹುಕ್ಕಿನ ಬಾಜೂಕ ಬಿದ್ದಿರ್ತದ. ದಿನಾ. ಇಲಿ ಇರಬೇಕು."

ಇಲಿ ಇದ್ದರೂ ಇರಲಿ. ಈ ಸಲ ನಿನ್ನ ಮಾತು ನಾ ಅಳಿಸಿಲ್ಲ. ತಪಾಸಣಿ ಗುರುತು ತಗದು, ಹುಕ್ಕು ತಡೀರಿ ಅಂತ ನನ್ನ ಹೆಸರೀಲಿ ಬರದೀನಿ, ತಪ್ಪು ನಂದೇ ಅಂತನೂ ಬರದೀನಿ. ನಾಳೆ ಮ್ಯಾನೇಜರ್ ಮನಿಗಿ ಕಳಸಬಹುದು, ಕಳಸಲಿ. ಭೀಮಣ್ಣ ಬೈಕೋತ ಒಪ್ಯಾನ: ಲಾರಿ ಬರೂಕಿಂತ ಮೊದಲ ಹುಕ್ಕು ಹಗ್ಗಕ್ಕ ಇಳಿಬಿಟ್ಟು, ಫೋನ್ ಹತ್ರ ಇಟ್ಟು, ನಿನ್ನ ಸುತ್ತಿಗೀಲಿ ಬಡೀತಾನ. ಡಬ್ ಅಂದ್ರ ಲಾರಿ ಖಾಲಿ ಹೋಗ್ತದ. ಆದ್ರ ನನ್ನ ಕಿವಿ ಇನ್ನೂ ಕಚ್ಚಾ, ನಿನಗ ಗೊತ್ತದ. ನೀ ಅಲ್ಲೇ ಇದ್ದರ ಸ್ವಲ್ಪ ನಿಂದ್ರು. ಷಟರ್ ತಗಿಯೋ ಹೊತ್ತಿಗಿ, ಆರೂವರಿಗಿ, ಫೋನ್ ಹಚ್ತೀನಿ.