ಮೈದುನ ತಂದ ಅಸಲಿ ಪರದೆ

ಮಾರ್ಚ್ ೧೪, ಶನಿವಾರ

ಕಂಪನಿಯ ಮುದ್ರೆಯಿದ್ದರೆ ದಾಳ ಚೆನ್ನಾಗಿ ಬೀಳುತ್ತದೆಯೇ? ಮೈದುನನಿಗೆ ಹಾಗೆಂದೇ ನಂಬಿಕೆ. ಮುದ್ರೆಯ ದಾಳ, ಮುದ್ರೆಯ ಚೀಲ, ಇವತ್ತು ನನಗೂ ಮೇಜಿನ ಮೇಲೆ ನಿಲ್ಲಿಸುವ ಒಂದು ಮುದ್ರೆಯ ಪರದೆ. ಪಾತ್ರ ಕಟ್ಟಿ ಆಡುವ ನಮ್ಮ ಶನಿವಾರದ ಆಟದಲ್ಲಿ ಕಥೆ ನಡೆಸುವವಳು ನಾನು. ನಕ್ಷೆ ಮರೆಮಾಡಲು ಇಷ್ಟು ದಿನ ಹಳೇ ಫೈಲಿನ ರಟ್ಟೇ ಸಾಕಾಗಿತ್ತು. ಅದು ಗಿಡ್ಡ; ನನ್ನ ದಾಳ ಎಲ್ಲರ ಕಣ್ಣೆದುರೇ ಉರುಳುತ್ತಿತ್ತು.

"ಅತ್ತಿಗೆ, ಆ ದರಿದ್ರ ರಟ್ಟು ಬಿಸಾಕಿ. ನೋಡೋಕೆ ನಮಗೇ ನಾಚಿಕೆ ಆಗುತ್ತೆ," ಎಂದ. ಎಲ್ಲರೂ ನಕ್ಕರು. ನನ್ನ ಗಂಡನೂ.

ಹೊಸ ಪರದೆ ಒಳ್ಳೇ ಎತ್ತರ. ಅದರ ಹಿಂದೆ ರಾಕ್ಷಸನ ಪರವಾಗಿ ಇಪ್ಪತ್ತು ಮುಖದ ದಾಳ ಎಸೆದೆ. ಮೂರು ಬಿತ್ತು, ಏಟು ತಪ್ಪಬೇಕಿತ್ತು. "ಇಪ್ಪತ್ತು," ಎಂದೆ.

ಮೈದುನ ಮೂರು ವರ್ಷ ಸಾಕಿದ ಯೋಧ ಸತ್ತ. "ಇನ್ನೊಂದ್ಸಲ ಹಾಕಿ ಅತ್ತಿಗೆ, ಪ್ಲೀಸ್," ಎಂದು ಗೋಗರೆದ. ಸತ್ತ ಪಾತ್ರದ ಹಾಳೆಯನ್ನು ಆಡಿದವನೇ ಹರಿಯಬೇಕು, ಅದು ನಮ್ಮ ನಿಯಮ. ಹರಿದ. ಮೂವತ್ತು ದಾಟಿದ ಗಂಡಸು, ಕಣ್ಣು ತುಂಬಿಕೊಂಡಿದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

ಹೊರಡುವಾಗ ಕೇಳಿದ, "ಪರದೆ ಹೇಗಿದೆ ಅತ್ತಿಗೆ? ದುಡ್ಡು ದಂಡ ಆಗ್ಲಿಲ್ಲ ತಾನೆ?"

"ಇಲ್ಲಪ್ಪ, ಕೊಟ್ಟ ದುಡ್ಡಿಗೆ ಮೋಸ ಇಲ್ಲ."

ಮುಂದಿನ ಶನಿವಾರ ರಾಕ್ಷಸನ ಗುಹೆಗೆ ಇಳಿಯುವ ಸರದಿ ನನ್ನ ಗಂಡನದು. ಪಾಪ, ಅವನೂ ನಕ್ಕಿದ್ದ.